ಉಪ್ಪರಿಗೆಯ ಸೆಕೆ, ಮೂರು ಲಿಕ್ವಿಡ್ ಕೂಲರ್: ನನ್ನ ಅನುಭವ

ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಹಂಚಿನ ಮಾಡು. ಉಪ್ಪರಿಗೆಯಲ್ಲಿ ನನ್ನ ಎಡಿಟಿಂಗ್ ಕೋಣೆ. ಯಕ್ಷಗಾನದ ಆಟ, ತಾಳಮದ್ದಳೆ, ಮದುವೆ, ಉಪನಯನಗಳ ವಿಡಿಯೋ ಮಾಡುವುದು ನನ್ನ ಕಸುಬು. ದೀಪಾವಳಿ ಕಳೆದು ಮೇಳಗಳು ಹೊರಟಲ್ಲಿಂದ ಅವುಗಳ ತಿರುಗಾಟ ಮುಗಿಯುವ, ಮೇ ಕೊನೆಯ ಪತ್ತನಾಜೆಯವರೆಗೆ ಬಿಡುವಿಲ್ಲ. ಏಪ್ರಿಲ್, ಮೇ ಬಂದರೆ ಆಟವೂ ಹೆಚ್ಚು, ಮದುವೆಯೂ ಹೆಚ್ಚು, ಸೆಕೆಯೂ ಹೆಚ್ಚು. ಮಧ್ಯಾಹ್ನ ಮೂರು ಗಂಟೆಗೆ ಗೋಡೆಯ ಥರ್ಮಾಮೀಟರ್ ನೋಡಿದರೆ 34 ಡಿಗ್ರಿ. ಕಂಪ್ಯೂಟರಿಗೆ ಅತಿ ಹೆಚ್ಚು ಕೆಲಸ ಇರುವುದೂ ಆಗಲೇ.

2023ರ ಸುರುವಿಗೆ ಹೊಸ ಕಂಪ್ಯೂಟರ್ ಜೋಡಿಸಿದೆ. ಪ್ರೊಸೆಸರ್ 12 ಕೋರಿನ ರೈಜನ್ 9 7900ಎಕ್ಸ್. ಮೂರು ಕ್ಯಾಮೆರಾದ 4ಕೆ ದೃಶ್ಯಗಳನ್ನು ಹೊಂದಿಸಿ ರಾತ್ರಿಯಿಡೀ ಎಕ್ಸ್‌ಪೋರ್ಟಿಗೆ (ಎಡಿಟ್ ಆದದ್ದನ್ನು ಒಂದೇ ವಿಡಿಯೋ ಫೈಲ್ ಮಾಡಲು) ಬಿಡುವವನಿಗೆ ಅದು ಹೇಳಿ ಮಾಡಿಸಿದ ಹಾಗಿತ್ತು. ಅದರ ಮೇಲೆ ಎರಡು ಗೋಪುರದ ಒಂದು ಟವರ್ ಕೂಲರ್, ಅಂದರೆ ನೀರಿಲ್ಲದೆ ಫ್ಯಾನಿನ ಗಾಳಿಯಿಂದಲೇ ತಣಿಸುವಂಥದ್ದು, ಹಾಕಿದ್ದೆ. ಕೆಲಸಕ್ಕೆ ತೊಂದರೆ ಇರಲಿಲ್ಲ, ತೊಂದರೆ ಇದ್ದದ್ದು ಶಬ್ದದಲ್ಲಿ. ನಾನು ನಿರೂಪಣೆ ರೆಕಾರ್ಡ್ ಮಾಡುವುದೂ ಅದೇ ಕೋಣೆಯಲ್ಲಿ. ಪುತ್ತೂರಿನಿಂದ ಬಂದಿದ್ದ ಭಾವ ಮೆಟ್ಟಿಲು ಹತ್ತುತ್ತಲೇ, "ಇದೆಂತರ ಭಾವ, ಮಿಕ್ಸಿ ತಿರುಗುವ ಹಾಂಗಿಪ್ಪ ಶಬ್ದ?" ಎಂದು ಕೇಳಿದ. ಮೈಕ್ ಎದುರು ಕುಳಿತ ಪ್ರತಿ ಸಲವೂ ನನ್ನನ್ನು ಕಾಡುತ್ತಿದ್ದ ಪ್ರಶ್ನೆ ಅದೇ.

ಹಾಗೆ 240 ಎಂಎಂನ ಎಐಓ (ಆಲ್ ಇನ್ ವನ್ ಲಿಕ್ವಿಡ್ ಕೂಲರ್) ತರಿಸಿದೆ. ಈ ಸಾಮಾನು ಪರಿಚಯ ಇಲ್ಲದವರಿಗೆ ಎರಡು ಮಾತು: ಪ್ರೊಸೆಸರಿನ ಮೇಲೆ ತಾಮ್ರದ ತಳವಿರುವ ಒಂದು ಬ್ಲಾಕ್ ಕೂರುತ್ತದೆ, ಹೆಚ್ಚಿನವುಗಳಲ್ಲಿ ಪಂಪ್ ಅದರೊಳಗೇ ಇರುತ್ತದೆ. ಎರಡು ರಬ್ಬರ್ ಪೈಪು ಅದನ್ನು ರೇಡಿಯೇಟರಿಗೆ ಜೋಡಿಸುತ್ತವೆ, ರೇಡಿಯೇಟರಿಗೆ ಫ್ಯಾನು. ಒಳಗೆ ಓಡುವುದು ಬರಿಯ ನೀರಲ್ಲ. ಗ್ಲೈಕಾಲ್ ಮತ್ತು ತುಕ್ಕು ತಡೆಯುವ ಮದ್ದು ಬೆರೆಸಿದ ನೀರು. ತಳ ತಾಮ್ರದ್ದು, ರೇಡಿಯೇಟರ್ ಸಾಮಾನ್ಯವಾಗಿ ಅಲ್ಯೂಮಿನಿಯಂನದ್ದು. ಎರಡು ಬೇರೆ ಲೋಹ ಒಂದೇ ನೀರಿನಲ್ಲಿದ್ದರೆ ಒಂದು ಸವೆಯುತ್ತದೆ, ಅದಕ್ಕೇ ಆ ಮದ್ದು. ಎಲ್ಲವನ್ನೂ ಕಾರ್ಖಾನೆಯಲ್ಲೇ ತುಂಬಿಸಿ ಮುಚ್ಚಿ ಕಳಿಸುತ್ತಾರೆ.

ಮೊದಲ ತಪ್ಪು ಕೂರಿಸುವಾಗಲೇ ಆಯಿತು. ಕಂಪ್ಯೂಟರಿನ ಕ್ಯಾಬಿನೆಟ್ಟಿನ ಮುಂಭಾಗದಲ್ಲಿ ಕೈಗೆ ಸಿಕ್ಕಿದ ಕೆಳಗಿನ ತೂತುಗಳಿಗೆ ರೇಡಿಯೇಟರನ್ನು ಬಿಗಿದೆ. ಎರಡು ವಾರ ಕಳೆದಾಗ ರಾತ್ರಿ ಗುಳುಗುಳು ಎಂದು ಸದ್ದು, ಹೂಜಿಯಿಂದ ನೀರು ಬಗ್ಗಿಸಿದ ಹಾಗೆ. ಕ್ಯಾಬಿನೆಟ್ಟಿನ ಬದಿ ತೆಗೆದು ಸ್ಕೇಲು ಹಿಡಿದು ನೋಡಿದೆ. ರೇಡಿಯೇಟರಿನ ತಲೆಗಿಂತ ಪಂಪು ಮೂರು ಬೆರಳು ಮೇಲಿತ್ತು. ಮುಚ್ಚಿದ ವ್ಯವಸ್ಥೆಯೊಳಗೂ ಸ್ವಲ್ಪ ಗಾಳಿ ಇದ್ದೇ ಇರುತ್ತದೆ. ರಬ್ಬರ್ ಪೈಪಿನ ಮೂಲಕ ನೀರು ವರ್ಷಗಳಲ್ಲಿ ಒಂದಿಷ್ಟು ಆವಿಯಾಗಿ ಹೋಗುವುದರಿಂದ ಆ ಗಾಳಿ ಹೆಚ್ಚುತ್ತಲೂ ಇರುತ್ತದೆ. ಗಾಳಿ ಎತ್ತರದ ಜಾಗ ಹುಡುಕುತ್ತದೆ. ಆ ಎತ್ತರದ ಜಾಗ ಪಂಪೇ ಆಗಿದ್ದರೆ ಪಂಪು ಗಾಳಿ ಕಡೆಯುತ್ತದೆ. ಒಣಗಿದ ಪಂಪಿನ ಬೇರಿಂಗು ಬಾಳುವುದಿಲ್ಲ ಎಂಬುದು ತೋಟಕ್ಕೆ ನೀರು ಬಿಡುವವರಿಗೆಲ್ಲ ಗೊತ್ತಿರುವ ವಿಷಯ, ನನಗೂ ಗೊತ್ತಿತ್ತು. ಮೇಜಿನ ಮೇಲಿನ ಪೆಟ್ಟಿಗೆಗೂ ಅದೇ ನ್ಯಾಯ ಎಂದು ಆಗ ಹೊಳೆದಿರಲಿಲ್ಲ. ರೇಡಿಯೇಟರನ್ನು ಮೇಲಕ್ಕೆತ್ತಿ ಕ್ಯಾಬಿನೆಟ್ಟಿನ ಮಾಡಿಗೆ ಬಿಗಿದೆ, ಸದ್ದು ಅದೇ ರಾತ್ರಿ ನಿಂತಿತು.

ಎರಡು ವರ್ಷ ಚೆನ್ನಾಗಿಯೇ ನಡೆಯಿತು. 2025ರ ಏಪ್ರಿಲಿನಲ್ಲಿ ಒಂದು ರಾತ್ರಿ, ಬಯಲಾಟವೊಂದರ ಎಕ್ಸ್‌ಪೋರ್ಟ್ ಹಾಕಿ ಊಟಕ್ಕೆ ಇಳಿದವನು ಮೇಲೆ ಬಂದು ನೋಡುತ್ತೇನೆ, ಪ್ರೊಸೆಸರ್ 95 ಡಿಗ್ರಿಯಲ್ಲಿ ನಿಂತಿದೆ, ವೇಗ ಅರ್ಧಕ್ಕಿಂತ ಕೆಳಗೆ ಬಿದ್ದಿದೆ. ಫ್ಯಾನುಗಳು ಹುಚ್ಚು ಹಿಡಿದ ಹಾಗೆ ತಿರುಗುತ್ತಿದ್ದರೂ ರೇಡಿಯೇಟರಿನಿಂದ ಬರುವ ಗಾಳಿ ತಣ್ಣಗೆ. ಅದೇ ಗುಮಾನಿಗೆ ಕಾರಣವಾಯಿತು. ಪೈಪು ಮುಟ್ಟಿ ನೋಡಿದೆ. ಬ್ಲಾಕಿನ ಬುಡದಲ್ಲಿ ಕೈ ಇಡಲಾಗದಷ್ಟು ಬಿಸಿ, ಒಂದು ಗೇಣು ಆಚೆ ಕೋಣೆಯಷ್ಟೇ ತಂಪು. ಪಂಪು ಓಡುತ್ತಿದ್ದರೆ ಹಾಗೆ ಆಗುವುದಿಲ್ಲ. ಲೆಕ್ಕ ಸುಲಭ: ನಿಮಿಷಕ್ಕೆ ಒಂದು ಲೀಟರ್ ನೀರು ಓಡುತ್ತಿದೆ ಎಂದಿಟ್ಟುಕೊಂಡರೆ, 140 ವಾಟ್ ಶಾಖಕ್ಕೆ ಹೋಗುವ ನೀರಿಗೂ ಬರುವ ನೀರಿಗೂ ವ್ಯತ್ಯಾಸ 2 ಡಿಗ್ರಿ ಮಾತ್ರ. ಎರಡೂ ಪೈಪು ಕೈಗೆ ಒಂದೇ ಹದದ ಬೆಚ್ಚಗೆ ಅನಿಸಬೇಕು. ಒಂದು ಸುಡುತ್ತದೆ, ಇನ್ನೊಂದು ತಣ್ಣಗಿದೆ ಎಂದಾದರೆ ನೀರು ಓಡುತ್ತಿಲ್ಲ ಎಂದೇ ಅರ್ಥ, ಹೆಚ್ಚಾಗಿ ಪಂಪು ನಿಂತಿರುತ್ತದೆ. ಈ ಒಂದು ಪರೀಕ್ಷೆಗೆ ಯಾವ ಸಾಫ್ಟ್‌ವೇರೂ ಬೇಡ.

ಪ್ರೊಸೆಸರಿಗೆ ಏನೂ ಆಗಲಿಲ್ಲ. ಈಗಿನ ಪ್ರೊಸೆಸರುಗಳು ತಮ್ಮನ್ನು ತಾವೇ ನಿಧಾನ ಮಾಡಿಕೊಂಡು ಉಳಿಯುತ್ತವೆ. ಅಟ್ಟದಲ್ಲಿದ್ದ ಹಳೆ ಟವರ್ ಕೂಲರನ್ನು ರಾತ್ರಿ ಹನ್ನೊಂದು ಗಂಟೆಗೆ ಇಳಿಸಿ ಹಾಕಿ ಎಕ್ಸ್‌ಪೋರ್ಟ್ ಮತ್ತೆ ಶುರು ಮಾಡಿದೆ. ವಾರಂಟಿಯಲ್ಲಿ ಹೊಸ ಪೀಸು ಬಂತು, ಬರುವಾಗ ಮೂರು ವಾರ ಕಳೆದಿತ್ತು. ಕಂಪನಿಯ ಹೆಸರು ಬೇಡ. ಒಂದು ಪೀಸು ಕೆಟ್ಟದ್ದನ್ನು ನೋಡಿ ಇಡೀ ಕಂಪನಿಯ ಬಗ್ಗೆ ತೀರ್ಪು ಕೊಡುವುದು ನ್ಯಾಯವಲ್ಲ. ಆದರೆ ಆ ಮೂರು ವಾರ ನನ್ನನ್ನು ಯೋಚನೆಗೆ ಹಚ್ಚಿತು. ಮತ್ತೆ 240 ಹಾಕುವುದೇ, ದೊಡ್ಡದಕ್ಕೆ ಹೋಗುವುದೇ, ಟವರಿನಲ್ಲೇ ಇರುವುದೇ? ಅಂದಾಜಿನ ಮೇಲೆ ತೀರ್ಮಾನಿಸುವ ಬದಲು ಅಳೆದೇ ನೋಡೋಣ ಎನಿಸಿತು. ಕುಂಬಳೆಯಲ್ಲಿ ಸ್ಟುಡಿಯೋ ಇರುವ ಗೆಳೆಯ ತನ್ನ 280ರದ್ದನ್ನು ಒಂದು ವಾರಕ್ಕೆ ಕೊಟ್ಟ. ನಾನು ಒಂದು 360 ತರಿಸಿದೆ.

ಅಳೆಯಲು ಹೊರಟಾಗ ಮೊದಲು ಅಡ್ಡ ಬಂದದ್ದು ಈ ಪ್ರೊಸೆಸರಿನ ಸ್ವಭಾವ. ರೈಜನ್ 7000 ಸಾಲಿನಲ್ಲಿ ಹೆಸರಿನ ಕೊನೆಗೆ ಎಕ್ಸ್ ಇರುವ ಪ್ರೊಸೆಸರುಗಳು ಪೂರ್ತಿ ಭಾರ ಬಿದ್ದಾಗ 95 ಡಿಗ್ರಿಯವರೆಗೆ ಹೋಗಿಯೇ ದುಡಿಯುವ ಹಾಗೆ ಎಎಂಡಿ ಮಾಡಿದೆ. ಒಳ್ಳೆಯ ಕೂಲರ್ ಹಾಕಿದರೆ ಅವು ತಣ್ಣಗಾಗುವ ಬದಲು ಇನ್ನಷ್ಟು ವಿದ್ಯುತ್ ಎಳೆದು ವೇಗ ಹೆಚ್ಚಿಸಿಕೊಳ್ಳುತ್ತವೆ. ನನ್ನದಕ್ಕೆ ಮಿತಿ 230 ವಾಟ್. ಹೀಗೆ ಬಿಟ್ಟು ನೋಡಿದರೆ 240ರದ್ದೂ 95ರ ಹತ್ತಿರ, 360ರದ್ದೂ ಅಲ್ಲೇ ಸುತ್ತಮುತ್ತ, "ಎಲ್ಲ ಒಂದೇ" ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೇವೆ. ಹಾಗಾಗಿ ಬಯೋಸಿನಲ್ಲಿ (ಕಂಪ್ಯೂಟರಿನ ಮೂಲ ಸೆಟ್ಟಿಂಗಿನಲ್ಲಿ) ವಿದ್ಯುತ್ ಮಿತಿ ತಗ್ಗಿಸುವ 105 ವಾಟಿನ ಎಕೋ ಮೋಡ್ ಹಾಕಿದೆ, ಆಗ ನಿಜವಾದ ಮಿತಿ 142 ವಾಟ್. ಎಲ್ಲ ಕೂಲರಿಗೂ ಒಂದೇ ಪ್ರಮಾಣದ ಶಾಖ ಕೊಟ್ಟರೆ ಮಾತ್ರ ಹೋಲಿಕೆ ಹೋಲಿಕೆಯಾಗುತ್ತದೆ.

ಎರಡನೆಯದು ಕೋಣೆಯ ಸೆಕೆ. ವಿಮರ್ಶೆ ಮಾಡುವವರ ಕೋಣೆ ಹೆಚ್ಚಾಗಿ 21, 22 ಡಿಗ್ರಿಯದ್ದು. ಅವರು 70 ಎಂದು ತೋರಿಸಿದ್ದು ನಮ್ಮ ಉಪ್ಪರಿಗೆಯಲ್ಲಿ 82 ಆಗುತ್ತದೆ, ಕೂಲರ್ ಕೆಟ್ಟದೆಂದು ಅರ್ಥವಲ್ಲ. ಕೋಣೆಯ ಗಾಳಿಗಿಂತ ಎಷ್ಟು ಮೇಲೆ ಎಂಬ ಅಂಕಿ ಮಾತ್ರ ಊರಿಂದೂರಿಗೆ ಸಾಗುತ್ತದೆ. ಹಾಗಾಗಿ ಫ್ಯಾನು ಗಾಳಿ ಎಳೆಯುವ ಜಾಗದ ಪಕ್ಕದಲ್ಲೇ ಥರ್ಮಾಮೀಟರ್ ಇಟ್ಟು, ಪ್ರತಿ ಸಲ ಅದನ್ನು ಕಳೆದು ಬರೆದುಕೊಂಡೆ.

ಮೂರನೆಯದು ಹೊತ್ತು. ನೀರು ನಿಧಾನಕ್ಕೆ ಕಾಯುತ್ತದೆ, ಬಚ್ಚಲ ಹಂಡೆಯ ಹಾಗೆ. ಮೊದಲ ಐದು ನಿಮಿಷ ನೋಡಿದರೆ 240ರ ಎಐಓ ಟವರಿಗಿಂತ 8 ಡಿಗ್ರಿ ಕೆಳಗಿತ್ತು. ಅಷ್ಟಕ್ಕೇ ನಿಲ್ಲಿಸಿದ್ದರೆ ಭಾರೀ ಗೆಲುವು. ಅರ್ಧ ಗಂಟೆ ಕಳೆದು ನೀರು ಪೂರ್ತಿ ಕಾದ ಮೇಲೆ ಅಂತರ 3 ಡಿಗ್ರಿಗೆ ಇಳಿಯಿತು. ಗೇಮ್ ಆಡುವವರ ಕಂಪ್ಯೂಟರಿನಲ್ಲಿ ಭಾರ ಏರುತ್ತ ಇಳಿಯುತ್ತ ಇರುತ್ತದೆ, ಅವರಿಗೆ ಆ ಮೊದಲ ನಿಮಿಷಗಳ ಲಾಭ ನಿಜವಾಗಿ ಸಿಗುತ್ತದೆ. ರಾತ್ರಿಯಿಡೀ ಎಕ್ಸ್‌ಪೋರ್ಟ್ ಹಾಕುವ ನನ್ನಂಥವರು ನೋಡಬೇಕಾದದ್ದು 45ನೇ ನಿಮಿಷದ ಅಂಕಿ.

ಕೊನೆಗೆ ಶಬ್ದ. ಫ್ಯಾನನ್ನು ಪೂರ್ತಿ ಓಡಿಸಿ ತಣ್ಣಗೆ ಮಾಡುವುದು ಯಾವ ಕೂಲರಿಗೂ ಸಾಧ್ಯ. ಫೋನಿನ ಆ್ಯಪ್ ನಂಬುವ ಬದಲು ನನ್ನ ನಿರೂಪಣೆಯ ಮೈಕನ್ನೇ ಬಳಸಿದೆ: ಅದೇ ಜಾಗ, ಅದೇ ಗೇನ್, ರಾತ್ರಿ ಹನ್ನೆರಡರ ಮೇಲೆ, ಸೀಲಿಂಗ್ ಫ್ಯಾನ್ ಬಂದ್. ರೆಕಾರ್ಡರಿನ ಮೀಟರ್ ಒಂದೇ ಮಟ್ಟ ತೋರಿಸುವ ಹಾಗೆ ಪ್ರತಿ ಕೂಲರಿನ ಫ್ಯಾನಿನ ವೇಗ ಹೊಂದಿಸಿದೆ. ಇದಕ್ಕೇ ಎರಡು ರಾತ್ರಿ ಹಿಡಿಯಿತು, ಆದರೆ ಇಡೀ ಪ್ರಯೋಗದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ ಕೆಲಸ ಇದೇ.

ಫಲ ಹೀಗೆ ಬಂತು. ಒಂದೇ ಶಬ್ದ, ಒಂದೇ 142 ವಾಟ್, 45 ನಿಮಿಷದ ಮೇಲೆ: ಟವರ್ ಕೋಣೆಗಿಂತ 50 ಡಿಗ್ರಿ ಮೇಲೆ, 240 ಅದಕ್ಕಿಂತ ತುಸು ಕೆಳಗೆ 47ರಲ್ಲಿ, 280 ಮತ್ತು 360 ಕ್ರಮವಾಗಿ 43 ಮತ್ತು 41ರಲ್ಲಿ. ಕಾರಣ ಬರಿಗಣ್ಣಿಗೆ ಕಾಣುವಂಥದ್ದು. 240 ಎಂದರೆ 120ರ ಎರಡು ಫ್ಯಾನು, 280 ಎಂದರೆ 140ರ ಎರಡು, 360 ಎಂದರೆ 120ರ ಮೂರು. ಅಗಲ ಉದ್ದ ಗುಣಿಸಿ ನೋಡಿ: 240ಕ್ಕಿಂತ 280ರ ಮುಖ ನೂರಕ್ಕೆ 36ರಷ್ಟು ದೊಡ್ಡದು, 360ರದ್ದು 50ರಷ್ಟು. 280 ಮತ್ತು 360ರ ನಡುವಿನ ಅಂತರ ಹೆಸರಿನಲ್ಲಿ ಕಾಣುವಷ್ಟು ಇಲ್ಲ. ಗೆಳೆಯನ 280 ನನಗೆ ಬಹಳ ಹಿಡಿಸಿತು. ಆದರೆ ನನ್ನ ಕ್ಯಾಬಿನೆಟ್ಟಿನ ಮಾಡಿಗೆ 140ರ ಫ್ಯಾನು ಸರಿಯಾಗಿ ಕೂರುವುದಿಲ್ಲ, ರ‍್ಯಾಮಿನ ತಲೆಗೆ ತಾಗುತ್ತದೆ. ಕೊಳ್ಳುವ ಮೊದಲು ಕ್ಯಾಬಿನೆಟ್ ಅಳೆಯಿರಿ. ರೇಡಿಯೇಟರಿನ ದಪ್ಪವನ್ನೂ ನೋಡಿ, ಹೆಚ್ಚಿನವು 27 ಎಂಎಂ, ಆರ್ಕ್ಟಿಕ್‌ನ ಲಿಕ್ವಿಡ್ ಫ್ರೀಝರ್ ಸಾಲಿನದ್ದು 38. ಅದರ ಮೇಲೆ ಫ್ಯಾನಿನ 25 ಸೇರಬೇಕು.

ಟವರಿಗೂ 360ಕ್ಕೂ 9 ಡಿಗ್ರಿ. ದುಡ್ಡು ಎರಡು ಪಟ್ಟಿಗಿಂತ ಹೆಚ್ಚು. ನನ್ನ ಮಟ್ಟಿಗೆ ಆ 9 ಡಿಗ್ರಿಯನ್ನು ಶಬ್ದಕ್ಕೆ ಬದಲಾಯಿಸಿಕೊಳ್ಳಬಹುದಿತ್ತು. ಫ್ಯಾನನ್ನು ಇನ್ನಷ್ಟು ನಿಧಾನ ಮಾಡಿ ಟವರಿನಷ್ಟೇ ಬಿಸಿಗೆ ಬಿಟ್ಟರೆ ಮೈಕಿಗೆ ಬಹುತೇಕ ಏನೂ ಕೇಳಿಸುವುದಿಲ್ಲ. ಅದಕ್ಕಾಗಿ 360 ಉಳಿಸಿಕೊಂಡೆ. ಭಾವನ ಮಗ ಕಾಲೇಜಿಗೆಂದು ರೈಜನ್ 5 7600 ಹಾಕಿಸಿದ್ದಾನೆ, "ಮಾವ, ನನಗೂ ನೀರಿನದ್ದೇ ಬೇಕು" ಎಂದ. ಬೇಡ ಎಂದೆ. ಅದು 88 ವಾಟಿಗಿಂತ ಹೆಚ್ಚು ಎಳೆಯುವುದಿಲ್ಲ, ಒಂದು ಸಾಧಾರಣ ಟವರ್ ಕೂಲರ್ ಧಾರಾಳ ಸಾಕು. ಉಳಿದ ದುಡ್ಡಿಗೆ ಎಸ್‌ಎಸ್‌ಡಿ ತೆಗೆದುಕೋ ಎಂದೆ. ಬಣ್ಣದ ದೀಪ, ಬ್ಲಾಕಿನ ಮೇಲಿನ ಪುಟ್ಟ ಸ್ಕ್ರೀನು ಇವುಗಳ ಬಗ್ಗೆ ನನ್ನಲ್ಲಿ ಹೇಳುವಂಥದ್ದಿಲ್ಲ, ಶಾಖಕ್ಕೂ ಅವಕ್ಕೂ ಸಂಬಂಧವಿಲ್ಲ. ವಾರಂಟಿ ಎಷ್ಟು ವರ್ಷ ಎಂದು ಮಾತ್ರ ಕೇಳಿ. ಆರು ವರ್ಷ ಕೊಡುವವರೂ ಇದ್ದಾರೆ, ಓಡುವ ಪಂಪು ಇರುವ ಸಾಮಾನಿಗೆ ಅದು ದೊಡ್ಡ ಮಾತು.

ಎಕೋ ಮೋಡನ್ನು ಪ್ರಯೋಗ ಮುಗಿದ ಮೇಲೂ ತೆಗೆಯಲಿಲ್ಲ. ಒಂದು ಗಂಟೆ ಹತ್ತು ನಿಮಿಷದ ಎಕ್ಸ್‌ಪೋರ್ಟ್ ಒಂದು ಗಂಟೆ ಹದಿನಾಲ್ಕು ನಿಮಿಷ ಆಯಿತು ಅಷ್ಟೆ. ನಾಲ್ಕು ನಿಮಿಷಕ್ಕಾಗಿ ಸೆಕೆಗಾಲದ ಕೋಣೆಗೆ ಇನ್ನೂ 88 ವಾಟ್ ಸುರಿಯುವುದು ನನಗೆ ಸರಿ ಕಾಣಲಿಲ್ಲ. ಕೂಲರ್ ಎಂಥದ್ದೇ ಇರಲಿ, ಆ ಶಾಖ ಬಂದು ಬೀಳುವುದು ನಾನು ಕುಳಿತ ಕೋಣೆಗೇ ಅಲ್ಲವೇ.

ಪಂಪನ್ನು ಮದರ್ ಬೋರ್ಡಿನ ಪಂಪ್ ಕನೆಕ್ಟರಿಗೇ ಸಿಕ್ಕಿಸಿ ಒಂದೇ ವೇಗದಲ್ಲಿ ಓಡಲು ಬಿಟ್ಟಿದ್ದೇನೆ. ಫ್ಯಾನು ಮಾತ್ರ ಏರಿಳಿಯುತ್ತದೆ, ಅದೂ ಕೆಲವು ಸೆಕೆಂಡು ತಡವಾಗಿ. ಪ್ರೊಸೆಸರಿನ ಬಿಸಿ ಕ್ಷಣದಲ್ಲಿ ಹಾರಿ ಇಳಿಯುತ್ತದೆ, ಅದರ ಹಿಂದೆ ಫ್ಯಾನು ಓಡಿದರೆ ಕಿವಿಗೆ ಹಿಂಸೆ. ಫ್ಯಾನಿಗೆ ಪೆಟ್ಟಿಗೆಯಲ್ಲಿ ಬಂದ ಸ್ಕ್ರೂಗಳನ್ನೇ ಹಾಕಿ. ಉದ್ದದ್ದು ಹಾಕಿ ತಿರುಗಿಸಿದರೆ ರೇಡಿಯೇಟರಿನ ನೀರಿನ ದಾರಿಗೇ ತೂತು ಬೀಳುತ್ತದೆ.

ಮಳೆಗಾಲದಲ್ಲಿ ಪೈಪು ಬೆವರಿ ನೀರು ತೊಟ್ಟಿಕ್ಕುವುದಿಲ್ಲವೇ ಎಂದು ನಮ್ಮ ಕಡೆ ಎಲ್ಲರೂ ಕೇಳುತ್ತಾರೆ, ಅಮ್ಮನೂ ಕೇಳಿದರು. ಇಲ್ಲ. ಬೆವರಬೇಕಾದರೆ ಪೈಪು ಕೋಣೆಗಿಂತ ತಣ್ಣಗಿರಬೇಕು. ಕೋಣೆಯ ಗಾಳಿಯಿಂದಲೇ ತಣಿಯುವ ನೀರು ಕೋಣೆಗಿಂತ ತಣ್ಣಗಾಗುವುದು ಸಾಧ್ಯವಿಲ್ಲ. ಅದು ಫ್ರಿಜ್ ಅಲ್ಲ.

ನಮ್ಮ ಊರಿನ ನಿಜವಾದ ಶತ್ರು ಹುಡಿ. ಅಂಗಳದಲ್ಲಿ ಅಡಿಕೆ ಒಣಗುತ್ತದೆ, ಜಗಲಿಯಲ್ಲಿ ಸುಲಿಯುತ್ತಾರೆ, ಸಿಪ್ಪೆಯ ನಾರಿನ ಹುಡಿ ಉಪ್ಪರಿಗೆಯವರೆಗೆ ಏರುತ್ತದೆ. ಈ ಸಲ ಪತ್ತನಾಜೆ ಕಳೆದ ಮರುವಾರ ಫ್ಯಾನುಗಳನ್ನು ಬಿಚ್ಚಿದೆ. ರೇಡಿಯೇಟರಿನ ಮುಖದ ಮೇಲೆ ಬೂದು ಬಣ್ಣದ ಒಂದು ಪದರ, ತೆಳ್ಳಗಿನ ಕಂಬಳಿಯ ಹಾಗೆ. ಅಂಚಿನಿಂದ ಎಬ್ಬಿಸಿದರೆ ಹರಿಯದೆ ಇಡಿಯಾಗಿ ಎದ್ದು ಬಂತು. ಕುಂಬಳೆಯ ಗೆಳೆಯನದ್ದು ಕಡಲ ಹತ್ತಿರ, ಅವನ ರೇಡಿಯೇಟರಿನಲ್ಲಿ ಹುಡಿಯ ಜೊತೆ ಬಣ್ಣ ಎದ್ದ ಕಡೆಯೆಲ್ಲ ಅಲ್ಯೂಮಿನಿಯಂ ಬೆಳ್ಳಗೆ ಹೂವಾಗಿತ್ತು. ಮೆತ್ತನೆಯ ಪೇಂಟ್ ಬ್ರಶ್ಶಿನಿಂದ ಮೇಲಿನಿಂದ ಕೆಳಗೆ ತಿಕ್ಕಿ, ಬ್ಲೋವರನ್ನು ಒಂದು ಅಡಿ ದೂರ ಹಿಡಿದು ಊದಿದೆ. ಊದುವಾಗ ಫ್ಯಾನಿನ ಎಲೆ ತಿರುಗದ ಹಾಗೆ ಬೆರಳು ಅಡ್ಡ ಹಿಡಿದುಕೊಳ್ಳಬೇಕು. ಮತ್ತೆ ಜೋಡಿಸಿ ಅದೇ ಎಕ್ಸ್‌ಪೋರ್ಟ್ ಹಾಕಿದೆ. ಬಿಚ್ಚುವ ಮೊದಲು ಕೋಣೆಗಿಂತ 46 ಮೇಲಿದ್ದದ್ದು ಮತ್ತೆ 41ಕ್ಕೆ ಬಂದು ನಿಂತಿತು.

ಟವರ್ ಕೂಲರನ್ನೂ ಒರೆಸಿ, ಅದರ ಕ್ಲಿಪ್ಪು, ಸ್ಕ್ರೂ, ಅರ್ಧ ಟ್ಯೂಬು ಥರ್ಮಲ್ ಪೇಸ್ಟನ್ನು ಒಂದೇ ತೊಟ್ಟೆಯಲ್ಲಿ ಕಟ್ಟಿ ಅಟ್ಟದಲ್ಲಿ ಕೈಗೆ ಸಿಗುವ ಜಾಗದಲ್ಲಿಟ್ಟಿದ್ದೇನೆ.