ಒಮ್ಮತದ ಸಭೆಯಲ್ಲಿ ಸಿಕ್ಕಿಹಾಕಿಕೊಂಡ ಪೈಪ್

ಸಾಗರ ಪೇಟೆಯ ಹತ್ತಿರದ ನಮ್ಮ ಕಾಲೊನಿಯಲ್ಲಿ ಓಟು ಹಾಕುವ ಪದ್ಧತಿ ಇಲ್ಲ. ಎಲ್ಲರೂ ಒಪ್ಪಿದರೆ ಮಾತ್ರ ಕೆಲಸ. ಗುಡ್ಡದ ಅಬ್ಬಿಯಿಂದ ಬರುವ ನೀರಿನ ಪೈಪ್ ಬದಲಿಸಲು ಒಂದು ತಂಡ ಮಾಡಿದ್ದೆವು. ಪಾಪ, ಅವರು ರೇಟು ವಿಚಾರಿಸಿ ಬಂದಾಗಲೆಲ್ಲ ಯಾರಾದರೂ ‘ಬೋರ್ ಯಾಕೆ ಬೇಡ?’ ಅನ್ನುತ್ತಿದ್ದರು. ಮತ್ತೆ ಮೊದಲಿಂದ ಶುರು.

ದಾರಿ ಬಿಡಿಸಿದ್ದು ಒಂದು ಹಾಳೆ. ಪೈಪಿನ ಸೈಜು, ಹೋಗುವ ದಾರಿ ತಂಡದ್ದೇ ತೀರ್ಮಾನ. ಖರ್ಚು ಮನೆಗೆ 3,000 ರೂಪಾಯಿ ದಾಟಿದರೆ ಮಾತ್ರ ಸಭೆಗೆ ಬರಬೇಕು. ಮಳೆ ಹಿಡಿಯುವ ಮೊದಲು ಕೆಲಸ ಮುಗಿಸಬೇಕು, ಆಮೇಲೆ ತಂಡ ಇರಲ್ಲ. ಇದಕ್ಕೆ ಎಲ್ಲರ ಸಹಿ ಹಾಕಿಸಿದೆವು.

ಬೋರ್ ಬೇಕೆಂದಿದ್ದ ಹಿರಿಯರನ್ನೂ ಬೇಕಂತಲೇ ತಂಡಕ್ಕೆ ಸೇರಿಸಿದೆವು. ಅವರೇ ಅಬ್ಬಿಗೆ ಬಕೆಟ್ ಹಿಡಿದು ಗಡಿಯಾರ ನೋಡಿದರು. 15 ಲೀಟರ್ ತುಂಬಲು 45 ಸೆಕೆಂಡು. ಅಂದರೆ ನಿಮಿಷಕ್ಕೆ 20 ಲೀಟರ್, ದಿನಕ್ಕೆ 28,800. ಅದೂ ಬೇಸಿಗೆಯಲ್ಲಿ! ಬೋರಿನ ಮಾತು ಅಲ್ಲಿಗೆ ನಿಂತಿತು.

‘ನನಗಿದು ಇಷ್ಟವಿಲ್ಲ, ಆದರೆ ಅಡ್ಡ ಬರಲ್ಲ’ ಅನ್ನಲೂ ಸಭೆಯಲ್ಲಿ ಜಾಗ ಇಟ್ಟೆವು. ಕ್ವೇಕರ್ ಎಂಬ ಕ್ರೈಸ್ತ ಪಂಗಡದವರ ಸಭೆಗಳಲ್ಲಿ ಈ ರೂಢಿ ಇದೆ. ಸುಮ್ನೆ ಮುನಿಸಿಕೊಂಡು ಕೂರುವುದಕ್ಕಿಂತ ವಾಸಿ ಅಲ್ವಾ?

ಪೈಪ್ ಆಯ್ತು. ಟ್ಯಾಂಕ್ ತೊಳೆಯುವ ಸರದಿಗೆ ಈಗ ಇನ್ನೊಂದು ಹಾಳೆ ಬರೆಯುತ್ತಿದ್ದೇವೆ.