ಪವರ್ ವೀಡರ್ ಜಾಸ್ತಿ ಕಾಯುತ್ತಿದೆಯೇ? ಮೊದಲು ಕವರ್ ಒಳಗೆ ನೋಡಿ

ತೋಟದಲ್ಲಿ ಅರ್ಧ ಗಂಟೆ ಓಡಿಸುವಷ್ಟರಲ್ಲಿ ಕಳೆ ತೆಗೆಯುವ ವೀಡರ್ ತಿಣುಕಲು ಶುರು ಮಾಡುತ್ತದೆ. ಸುಟ್ಟ ವಾಸನೆ ಬರುತ್ತದೆ. ಒಮ್ಮೆ ನಿಂತರೆ, ತಣ್ಣಗಾಗುವ ತನಕ ಹಗ್ಗ ಎಷ್ಟು ಎಳೆದರೂ ಸ್ಟಾರ್ಟ್ ಆಗುವುದಿಲ್ಲ. ಇಂಜಿನ್ ಮಿತಿಮೀರಿ ಕಾದಿದೆ ಎಂದೇ ತಿಳಿಯಿರಿ. ಕೂಡಲೇ ಆಫ್ ಮಾಡಿ, ನೆರಳಿಗೆ ತನ್ನಿ. ನೀರು ಮಾತ್ರ ಎರಚಬೇಡಿ. ಕಾದ ಸಿಲಿಂಡರ್ ಬಿರುಕು ಬಿಡಬಹುದು.

ತಣಿದ ಮೇಲೆ ಮೊದಲು ಆಯಿಲ್ ನೋಡಿ. ಯಂತ್ರ ಸಮತಟ್ಟು ಜಾಗದಲ್ಲಿರಲಿ. ಇಳಿಜಾರಿನಲ್ಲಿ ನೋಡಿದರೆ ಲೆಕ್ಕ ತಪ್ಪುತ್ತದೆ. ಸಣ್ಣ ಇಂಜಿನ್ ಹಿಡಿಯುವುದೇ ಅರ್ಧ ಲೀಟರ್‌ಗಿಂತ ಸ್ವಲ್ಪ ಜಾಸ್ತಿ ಆಯಿಲ್. ಅದರಲ್ಲಿ 200 ಎಂಎಲ್ ಕಡಿಮೆಯಾದರೂ ದೊಡ್ಡ ಕೊರತೆಯೇ.

ಆಯಿಲ್ ಸರಿಯಿದ್ದರೆ ಸ್ಪಾರ್ಕ್ ಪ್ಲಗ್ (ಇಂಜಿನ್‌ನಲ್ಲಿ ಕಿಡಿ ಹಾರಿಸುವ ಭಾಗ) ವೈರ್ ತೆಗೆದಿಟ್ಟು, ಹಗ್ಗದ ಸ್ಟಾರ್ಟರ್ ಮತ್ತು ಅದರ ಹಿಂದಿನ ತಗಡಿನ ಕವರ್ ಬಿಚ್ಚಿ. ಹತ್ತಕ್ಕೆ ಏಳೆಂಟು ಸಲ ಕಾಯಿಲೆ ಇಲ್ಲೇ ಇರುತ್ತದೆ ಎಂಬುದು ನನ್ನ ಅನುಭವ. ಈ ಇಂಜಿನ್‌ಗೆ ರೇಡಿಯೇಟರ್ ಇಲ್ಲ, ಅಲ್ವಾ? ಇಂಜಿನ್ ಜೊತೆ ತಿರುಗುವ ಚಕ್ರ, ಅಂದರೆ ಫ್ಲೈವೀಲ್‌ನ ರೆಕ್ಕೆಗಳೇ ಫ್ಯಾನ್. ಅವು ಬೀಸುವ ಗಾಳಿಯನ್ನು ಸಿಲಿಂಡರ್ ಸುತ್ತಲಿನ ಪಟ್ಟಿಗಳ ಮೇಲೆ ಹಾಯಿಸುವುದು ಆ ಕವರ್. ಪಟ್ಟಿಗಳ ಸಂದಿಯಲ್ಲಿ ಒಣಹುಲ್ಲು, ಆಯಿಲ್ ಬೆರೆತ ಧೂಳು ಗಟ್ಟಿಯಾಗಿ ಕೂತರೆ ಗಾಳಿ ಹೋಗುವುದೆಲ್ಲಿ? ಮಳೆಗಾಲವಿಡೀ ಕೊಟ್ಟಿಗೆಯಲ್ಲಿ ನಿಂತಿದ್ದ ನಮ್ಮ ವೀಡರ್‌ನಲ್ಲಿ ಇಲಿ ಗೂಡೇ ಕಟ್ಟಿತ್ತು.

ಬಿದಿರಿನ ಕಡ್ಡಿಯಿಂದ ಕೆದಕಿ, ಬ್ರಶ್ ಹಾಕಿ. ಸ್ಕ್ರೂಡ್ರೈವರ್ ಬೇಡ, ಅಲ್ಯೂಮಿನಿಯಂ ಪಟ್ಟಿ ಮುರಿಯುತ್ತದೆ. ಕವರ್ ಮರೆಯದೆ ಹಾಕಿ. ಅದಿಲ್ಲದಿದ್ದರೆ ಗಾಳಿ ಚೆನ್ನಾಗಿ ಆಡುತ್ತದೆ ಅಂತ ಸುಮ್ನೆ ಬಿಚ್ಚಿಟ್ಟು ಓಡಿಸುವವರನ್ನು ನೋಡಿದ್ದೇನೆ. ಆಗುವುದು ತದ್ವಿರುದ್ಧ. ಗಾಳಿ ಸಿಲಿಂಡರ್‌ಗೆ ತಾಗದೆ ಚದುರಿ ಹೋಗುತ್ತದೆ, ಇಂಜಿನ್ ಇನ್ನೂ ಬೇಗ ಕಾಯುತ್ತದೆ.

ಆಮೇಲೂ ಕಾದರೆ ಪ್ಲಗ್ ಬಿಚ್ಚಿ ತುದಿಯ ಬಣ್ಣ ನೋಡಿ. ತಿಳಿ ಕಂದು ಇದ್ದರೆ ಒಳ್ಳೆಯದು. ಸುಣ್ಣದಂತೆ ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಗಾಳಿಯೇ ಹೆಚ್ಚು ಹೋಗುತ್ತಿದೆ. ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಅಂಟಾಗಿ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್‌ನ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತು) ಕಟ್ಟಿರಬಹುದು. ಹಳೆಯದನ್ನು ಚೆಲ್ಲಿ, ಜೆಟ್ ತೊಳೆದು, ಹೊಸ ಪೆಟ್ರೋಲ್ ಹಾಕಿ. ಕಾರ್ಬ್ಯುರೇಟರ್ ಬುಡದಲ್ಲಿ ಗಾಳಿ ಸೋರದಂತೆ ಹಾಕಿರುವ ತೆಳು ಪದರ, ಅಂದರೆ ಗ್ಯಾಸ್ಕೆಟ್ ಹರಿದಿದೆಯೇ ಎಂದೂ ನೋಡಿ.

ಇಷ್ಟಕ್ಕೂ ಬಗ್ಗದಿದ್ದರೆ ವಾಲ್ವ್, ಹೆಡ್ ಗ್ಯಾಸ್ಕೆಟ್ ನೋಡಬೇಕು. ಅದು ಮೆಕ್ಯಾನಿಕ್ ಕೆಲಸ. ಹೋಗುವಾಗ ಬಿಚ್ಚಿದ ಪ್ಲಗ್ಗನ್ನು ಒರೆಸದೆ ಹಾಗೇ ತೆಗೆದುಕೊಂಡು ಹೋಗಿ.