ಒಂಟಾರಿಯೋದ ಹಿಮಗಾಲ: ಯಾರು ತೆಗೆಯಬೇಕು, ಯಾವಾಗ, ಹೇಗೆ

ಕೆನಡಾದ ಒಂಟಾರಿಯೋಗೆ ಹೊಸದಾಗಿ ಬಂದ ಕನ್ನಡಿಗರು ಮೊದಲ ಚಳಿಗಾಲದಲ್ಲಿ ಕೇಳುವ ಪ್ರಶ್ನೆ ಒಂದೇ: ಈ ಸ್ನೋ ಖುಷಿಯೋ, ಕಾಟವೋ? ಉತ್ತರ ಗಡಿಯಾರದಲ್ಲಿದೆ. ಆಗಷ್ಟೇ ಬಿದ್ದ ಒಣ ಹಿಮ ಹತ್ತಿಯ ಹಾಗೆ. ಮೆಟ್ಟಿಲ ಮೇಲಿನದನ್ನು ಪೊರಕೆಯಲ್ಲೇ ಗುಡಿಸಿಬಿಡಬಹುದು. ಅದರ ಮೇಲೆ ನಾಲ್ಕು ಜನ ಓಡಾಡಿ, ಒಂದು ಕಾರು ಹತ್ತಿಳಿದು, ಮಧ್ಯಾಹ್ನದ ಬಿಸಿಲಿಗೆ ಮೇಲ್ಪದರ ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿತೆಂದರೆ ಕಲ್ಲಾಗುತ್ತದೆ. ಸೊಂಟ ಮುರಿಯುವುದು, ಕಾರು ಜಾರುವುದು, ಅಕ್ಕಪಕ್ಕದವರ ಜೊತೆ ಮನಸ್ತಾಪವಾಗುವುದು ಬಹುತೇಕ ಈ ಎರಡನೆಯ ಹಂತದಲ್ಲೇ. ಹಾಗಾಗಿ ಹಿಮ ನಿಂತ ಮೇಲಿನ ಮೊದಲ ಕೆಲವು ಗಂಟೆಗಳನ್ನು ಕೈಬಿಡಬೇಡಿ.

ಬಾಡಿಗೆ ಮನೆಯಲ್ಲಿ ಹೊಣೆ ಯಾರದು

ಬ್ರ್ಯಾಂಪ್ಟನ್, ಮಿಸ್ಸಿಸಾಗ, ಸ್ಕಾರ್ಬರೋ ಕಡೆ ಬೇಸ್‌ಮೆಂಟ್ ಬಾಡಿಗೆಗೆ ಹಿಡಿಯುವವರ ಕರಾರಿನಲ್ಲಿ 'ಸ್ನೋ ತೆಗೆಯುವುದು ಬಾಡಿಗೆದಾರರ ಕೆಲಸ' ಎಂಬ ಸಾಲು ಎಷ್ಟೋ ಸಲ ಇರುತ್ತದೆ. ಸಹಿ ಹಾಕಿದ್ದೇವಲ್ಲ ಎಂದು ನಮ್ಮವರು ಸುಮ್ಮನಾಗಿಬಿಡುತ್ತಾರೆ. ಆದರೆ 2006ರ ಬಾಡಿಗೆ ಕಾಯ್ದೆಯಡಿ ಮನೆಯನ್ನೂ ಹಂಚಿಕೊಂಡು ಬಳಸುವ ದಾರಿಯನ್ನೂ ಸುರಕ್ಷಿತವಾಗಿ ಇಡಬೇಕಾದವರು ಮಾಲೀಕರು. ಈ ಹೊಣೆಯನ್ನು ಬಾಡಿಗೆ ಕರಾರಿನ ಒಂದು ಸಾಲಿನಿಂದ ಬಾಡಿಗೆದಾರರ ತಲೆಗೆ ಕಟ್ಟಲಾಗದು ಎಂದು ಒಂಟಾರಿಯೋದ ಮೇಲ್ಮನವಿ ನ್ಯಾಯಾಲಯ 2009ರಲ್ಲಿ ಹೇಳಿತು. ಬೇಸ್‌ಮೆಂಟ್ ಬಾಡಿಗೆದಾರರೊಬ್ಬರು ಜಾರಿಬಿದ್ದ ಪ್ರಕರಣವದು. ನೀವೇ ತೆಗೆಯಲು ಒಪ್ಪುವುದಾದರೆ ಅದು ಬೇರೆ ಒಪ್ಪಂದವಾಗಬೇಕು, ಅದಕ್ಕೆ ಬೇರೆ ಹಣವೋ ಬಾಡಿಗೆಯಲ್ಲಿ ಕಡಿತವೋ ಇರಬೇಕು.

ಮಾಲೀಕರು ತೆಗೆಯದಿದ್ದರೆ ಮೊದಲು ಮೆಸೇಜಿನಲ್ಲೋ ಇಮೇಲಿನಲ್ಲೋ ತಿಳಿಸಿ. ಬಾಯಿಮಾತಿಗೆ ಸಾಕ್ಷಿ ಇರುವುದಿಲ್ಲ. ದಿನಾಂಕ, ಸಮಯ ಕಾಣುವಂತೆ ಫೋಟೊ ತೆಗೆದಿಡಿ. ಆಮೇಲೂ ಕೆಲಸವಾಗದಿದ್ದರೆ 311ಕ್ಕೆ ಫೋನ್ ಮಾಡಿ ನಗರಾಡಳಿತಕ್ಕೆ ದೂರು ಕೊಡಬಹುದು. ಪದೇ ಪದೇ ಹೀಗಾದರೆ ಬಾಡಿಗೆ ತಕರಾರುಗಳನ್ನು ತೀರ್ಮಾನಿಸುವ ಲ್ಯಾಂಡ್‌ಲಾರ್ಡ್ ಆ್ಯಂಡ್ ಟೆನೆಂಟ್ ಬೋರ್ಡಿಗೆ ಟಿ6 ಅರ್ಜಿ, ಅಂದರೆ ಮನೆಯ ನಿರ್ವಹಣೆಯ ಬಗೆಗಿನ ದೂರು, ಹಾಕಬಹುದು.

ಬಿದ್ದು ಪೆಟ್ಟಾದರೆ ಎರಡು ಗಡುವು ನೆನಪಿರಲಿ. ಖಾಸಗಿ ಜಾಗದಲ್ಲಿ ಬಿದ್ದಿದ್ದರೆ 60 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ಈ ನಿಯಮ 2021ರ ಜನವರಿಯಿಂದ ಜಾರಿಯಲ್ಲಿದೆ. ನಗರಾಡಳಿತದ ಸೈಡ್‌ವಾಕಿನಲ್ಲಿ (ಫುಟ್‌ಪಾತಿನಲ್ಲಿ) ಬಿದ್ದಿದ್ದರೆ ಇರುವುದು ಬರೀ 10 ದಿನ. ಆಸ್ಪತ್ರೆ, ಪ್ಲಾಸ್ಟರ್ ಎಂದು ಓಡಾಡುವಷ್ಟರಲ್ಲಿ ಹತ್ತು ದಿನ ಕಳೆದೇ ಹೋಗಿರುತ್ತದೆ. ಹಾಗಾಗಿ ಮನೆಯಲ್ಲಿರುವ ಬೇರೊಬ್ಬರು ಆ ಪತ್ರದ ಕೆಲಸ ವಹಿಸಿಕೊಳ್ಳಲಿ.

ಸ್ವಂತ ಮನೆಯವರಿಗೆ ಸೈಡ್‌ವಾಕ್ ವಿಷಯದಲ್ಲಿ ಊರಿಗೊಂದು ನಿಯಮ. ಟೊರೊಂಟೊದಲ್ಲಿ ಯಂತ್ರ ಹೋಗುವ ಕಡೆಯೆಲ್ಲ ನಗರಾಡಳಿತವೇ ತೆಗೆಯುತ್ತದೆ. ನಿಮ್ಮ ಬೀದಿಗೆ ಯಾವ ನಿಯಮ ಎಂದು ನವೆಂಬರಿನೊಳಗೇ 311ರಲ್ಲಿ ಕೇಳಿಟ್ಟುಕೊಳ್ಳಿ.

ಶವೆಲ್ ಹಿಡಿಯುವ ಮೊದಲು ಲೆಕ್ಕ

ಎರಡು ಕಾರಿನ ಡ್ರೈವ್‌ವೇ ಸುಮಾರು 6 ಮೀಟರ್ ಅಗಲ, 9 ಮೀಟರ್ ಉದ್ದ ಎಂದುಕೊಳ್ಳಿ. 10 ಸೆಂ.ಮೀ. ಹಿಮ ಬಿದ್ದರೆ 5.4 ಘನ ಮೀಟರ್ ಆಯಿತು. ಒಣ ಹಿಮ ಘನ ಮೀಟರಿಗೆ ಸುಮಾರು 100 ಕಿಲೊ ತೂಗುತ್ತದೆ, ಅಂದರೆ ಒಟ್ಟು 540 ಕಿಲೊ. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಬೀಳುವ ಒದ್ದೆ ಹಿಮದ ತೂಕ ಇದರ ಎರಡು ಮೂರು ಪಟ್ಟು. ನೋಡಲು ಒಂದೇ ಬಿಳುಪು, ಎತ್ತುವಾಗ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ.

ಈ ಕಾರಣಕ್ಕೇ 20 ಸೆಂ.ಮೀ. ಮುನ್ಸೂಚನೆ ಇದ್ದಾಗ ಎಲ್ಲ ಬಿದ್ದು ಮುಗಿಯಲಿ ಎಂದು ಕಾಯಬೇಡಿ. ಐದಾರು ಸೆಂ.ಮೀ. ಬಿದ್ದಾಗಲೊಮ್ಮೆ ಹೊರಗೆ ಹೋಗಿ ತಳ್ಳಿಬಿಡಿ. ಅಗಲವಾದ ಬಾಗಿದ ಶವೆಲ್ ತಳ್ಳುವುದಕ್ಕೆ, ಚಿಕ್ಕದು ಎತ್ತುವುದಕ್ಕೆ, ಹೀಗೆ ಎರಡು ಇರಲಿ. ಅಲಗಿಗೆ ಅಡುಗೆ ಎಣ್ಣೆ ಸವರಿದರೆ ಒದ್ದೆ ಹಿಮ ಅಂಟಿಕೊಳ್ಳುವುದಿಲ್ಲ. ಎತ್ತಲೇಬೇಕಾದಾಗ ಮೊಣಕಾಲು ಬಗ್ಗಿಸಿ ಎತ್ತಿ. ಸೊಂಟ ತಿರುಚಿ ಭುಜದ ಮೇಲಿಂದ ಎಸೆಯಬೇಡಿ. ಎದ್ದ ತಕ್ಷಣವೋ ಹೊಟ್ಟೆ ತುಂಬ ಉಂಡ ಮೇಲೋ ಈ ಕೆಲಸ ಬೇಡ. ಚಳಿಗೆ ರಕ್ತನಾಳಗಳು ಬಿಗಿದುಕೊಂಡಿರುವಾಗಲೇ ಹೃದಯದ ಮೇಲೆ ಭಾರ ಬೀಳುತ್ತದೆ. ಬಿಪಿ, ಸಕ್ಕರೆ ಕಾಯಿಲೆ ಇರುವವರು, ಊರಿಂದ ಬಂದಿರುವ ಅಪ್ಪ ಅಥವಾ ಮಾವ 'ನಾನೂ ಒಂದು ಕೈ ಹಾಕ್ತೀನಿ' ಎಂದರೆ ದಯವಿಟ್ಟು ಬೇಡವೆನ್ನಿ. ಎದೆ ಬಿಗಿತ, ದವಡೆ ಅಥವಾ ಎಡಗೈ ನೋವು ಕಂಡರೆ ಅಲ್ಲೇ ನಿಲ್ಲಿಸಿ 911ಕ್ಕೆ ಕರೆ ಮಾಡಿ.

ತೆಗೆದ ಹಿಮವನ್ನು ರಸ್ತೆಗೆ ತಳ್ಳುವಂತಿಲ್ಲ. ಹೈವೇ ಟ್ರಾಫಿಕ್ ಕಾಯ್ದೆಯ ಪ್ರಕಾರ ಅದು ಅಪರಾಧ, ದಂಡ ಬೀಳುತ್ತದೆ. ಬೆಂಕಿ ಆರಿಸಲು ನೀರು ಕೊಡುವ ಹೈಡ್ರೆಂಟ್ ಮುಚ್ಚದ ಹಾಗೆಯೂ ನೋಡಿಕೊಳ್ಳಿ.

ನೀವು ಎಲ್ಲ ಮುಗಿಸಿ ಚಹಾ ಹೀರುವ ಹೊತ್ತಿಗೆ ನಗರಾಡಳಿತದ ಪ್ಲೌ, ಅಂದರೆ ರಸ್ತೆಯ ಹಿಮ ತಳ್ಳುವ ಗಾಡಿ, ಬಂದು ಡ್ರೈವ್‌ವೇ ಬಾಯಿಗೆ ಮೊಣಕಾಲೆತ್ತರದ ದಿಬ್ಬ ಹಾಕಿ ಹೋಗುತ್ತದೆ. ಇದಕ್ಕೆ ವಿಂಡ್ರೋ ಎನ್ನುತ್ತಾರೆ. ಅದನ್ನು ಕಡಿಮೆ ಮಾಡುವ ಉಪಾಯವೊಂದಿದೆ. ಮನೆಗೆ ಬೆನ್ನು ಮಾಡಿ ರಸ್ತೆ ನೋಡುತ್ತಾ ನಿಂತರೆ ಪ್ಲೌ ಬರುವುದು ನಿಮ್ಮ ಎಡಗಡೆಯಿಂದ. ಡ್ರೈವ್‌ವೇಯ ಎಡಕ್ಕೆ, ರಸ್ತೆಯಂಚಿನ ಹುಲ್ಲಿನ ಮೇಲಿರುವ ಹಿಮವನ್ನು ಒಂದೆರಡು ಮೀಟರ್ ಉದ್ದಕ್ಕೆ ತೆಗೆದು ಖಾಲಿ ಜಾಗ ಮಾಡಿ, ಅದನ್ನೆಲ್ಲ ಬಲಗಡೆಗೆ ಹಾಕಿ. ಪ್ಲೌ ಹೊತ್ತು ತಂದ ರಾಶಿಯ ಒಂದಷ್ಟು ಆ ಖಾಲಿ ಜಾಗದಲ್ಲೇ ಉದುರಿ, ನಿಮ್ಮ ಬಾಗಿಲಿಗೆ ಬೀಳುವುದು ಕಡಿಮೆಯಾಗುತ್ತದೆ. ಕೆಲವು ಊರುಗಳಲ್ಲಿ ಹಿರಿಯರಿಗೂ ಅಂಗವಿಕಲರಿಗೂ ನಗರಾಡಳಿತವೇ ವಿಂಡ್ರೋ ತೆಗೆಸಿಕೊಡುತ್ತದೆ, ಮೊದಲೇ ಅರ್ಜಿ ಹಾಕಿರಬೇಕು.

ಉಪ್ಪು ಹಾಕುವುದು ಹಿಮ ತೆಗೆದ ಮೇಲೆ, ಉಳಿದ ತೆಳು ಪದರಕ್ಕೆ. ಒಂದು ಕಾಫಿ ಮಗ್, ಅಂದರೆ ಸುಮಾರು 350 ಮಿ.ಲೀ. ಉಪ್ಪು 6 ಮೀಟರ್ ಡ್ರೈವ್‌ವೇಗೆ ಸಾಕು. ಕಾಳು ಕಾಳಿನ ನಡುವೆ ಬೆರಳೆರಡರಷ್ಟು ಅಂತರವಿರಲಿ. ಸುರಿದು ಗುಡ್ಡೆ ಹಾಕಿದರೆ ಕಾಂಕ್ರೀಟು ಚಕ್ಕೆ ಏಳುತ್ತದೆ, ವಸಂತದಲ್ಲಿ ಹುಲ್ಲು ಸುಟ್ಟುಹೋಗುತ್ತದೆ. ಮೈನಸ್ 10ರಿಂದ ಕೆಳಗೆ ಸಾಮಾನ್ಯ ಉಪ್ಪು ಬಹುಮಟ್ಟಿಗೆ ಕೆಲಸ ಮಾಡುವುದಿಲ್ಲ. ಆಗ ಕ್ಯಾಲ್ಸಿಯಂ ಕ್ಲೋರೈಡ್ ಇರುವ ಚೀಲ ತನ್ನಿ, ಇಲ್ಲವೇ ಹಿಡಿತಕ್ಕೆ ಮರಳು ಎರಚಿ. ಬಿಸಿನೀರು ಮಾತ್ರ ಖಂಡಿತ ಬೇಡ. ಮೆಟ್ಟಿಲಿಗೆ ಸುರಿದ ನೀರು ಕೆಲವೇ ನಿಮಿಷದಲ್ಲಿ ಗಾಜಿನಂತೆ ಹೆಪ್ಪುಗಟ್ಟುತ್ತದೆ, ಕಾರಿನ ಗಾಜಿಗೆ ಸುರಿದರೆ ಬಿರುಕು ಬಿಡಬಹುದು.

ಕಾರು, ಟೈರು, ಪಾರ್ಕಿಂಗು

ಚಳಿಗಾಲದ ಟೈರ್ ಬೇಕೇ ಎಂಬ ಪ್ರಶ್ನೆಗೆ ಅಳತೆಗೋಲು 7 ಡಿಗ್ರಿ. ಅದಕ್ಕಿಂತ ಕೆಳಗಿಳಿದರೆ ಆಲ್ ಸೀಸನ್ ಟೈರಿನ ರಬ್ಬರ್ ಗಡುಸಾಗುತ್ತಾ ಹೋಗಿ ಹಿಡಿತ ಕಳೆದುಕೊಳ್ಳುತ್ತದೆ, ನೆಲ ಒಣಗಿದ್ದರೂ ಸರಿ. ಬೆಂಗಳೂರಿನ ದಾಖಲೆಯ ಕನಿಷ್ಠ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿಯದು. ನಾವು ಗಾಡಿ ಓಡಿಸಲು ಕಲಿತ ಊರು ಆ ಗೆರೆಯನ್ನು ಒಮ್ಮೆಯೂ ದಾಟಿಲ್ಲ. ಹಾಗಾಗಿ ಈ ವಿಷಯದಲ್ಲಿ ನಮ್ಮ ಅನುಭವವನ್ನು ನಂಬಿಕೊಳ್ಳುವಂತಿಲ್ಲ. ಮೂರು ಶಿಖರದ ಬೆಟ್ಟದೊಳಗೆ ಹಿಮದ ಹೂವಿನ ಗುರುತಿರುವ ಟೈರನ್ನೇ, ನಾಲ್ಕೂ ಚಕ್ರಕ್ಕೆ ಹಾಕಿಸಿ. ದುಡ್ಡು ಉಳಿಸಲು ಮುಂದಿನ ಎರಡಕ್ಕೆ ಮಾತ್ರ ಹಾಕಿಸಿದರೆ ತಿರುವಿನಲ್ಲಿ ಹಿಂಭಾಗ ಗಿರ್ರನೆ ತಿರುಗಿಬಿಡುತ್ತದೆ. ಒಂಟಾರಿಯೋದಲ್ಲಿ ಕಡ್ಡಾಯವಿಲ್ಲ. ಆದರೆ 2016ರಿಂದ ಈ ಟೈರ್ ಹಾಕಿಸಿದವರಿಗೆ ಇನ್ಶೂರೆನ್ಸ್ ಕಂಪನಿಗಳು ರಿಯಾಯಿತಿ ಕೊಡಲೇಬೇಕು, ನೀವು ಕೇಳಬೇಕು ಅಷ್ಟೆ. ಪಕ್ಕದ ಕ್ವೆಬೆಕ್‌ನಲ್ಲಿ ನೋಂದಾಯಿಸಿದ ಕಾರುಗಳಿಗೆ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಡ್ಡಾಯ. ಅಕ್ಟೋಬರಿನಲ್ಲೇ ದಿನ ಗೊತ್ತುಮಾಡಿಕೊಳ್ಳಿ. ಮೊದಲ ಹಿಮ ಬಿದ್ದ ದಿನ ಗ್ಯಾರೇಜುಗಳಲ್ಲಿ ಜಾತ್ರೆ ಇರುತ್ತದೆ.

ಕಾರು ಸ್ಟಾರ್ಟ್ ಮಾಡುವ ಮೊದಲು ಹಿಂದಿನ ಸೈಲೆನ್ಸರ್ ಪೈಪಿನ ಬಾಯಿ ಬಿಡಿಸಿ. ಹಿಮದಲ್ಲಿ ಹೂತಿದ್ದರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರುತ್ತದೆ. ಅದಕ್ಕೆ ವಾಸನೆಯಿಲ್ಲ, ಜೀವ ತೆಗೆಯುತ್ತದೆ. ಆಮೇಲೆ ಮಾಡಿನಿಂದ ಶುರುಮಾಡಿ ಕೆಳಕ್ಕೆ ಬನ್ನಿ. ಮಾಡಿನ ಮೇಲಿನದನ್ನು ಬಿಟ್ಟು ಹೊರಟರೆ ಮೊದಲ ಬ್ರೇಕಿಗೇ ಇಡೀ ಹಲಗೆ ಜಾರಿ ಮುಂದಿನ ಗಾಜು ಮುಚ್ಚಿಬಿಡುತ್ತದೆ. ವಾಷರ್ ದ್ರವ ಮೈನಸ್ 40ರವರೆಗೆ ತಡೆಯುವಂಥದ್ದಿರಲಿ.

ರಸ್ತೆಯಲ್ಲಿ ಅತಿ ಅಪಾಯದ ದಿನವೆಂದರೆ ಸೊನ್ನೆಯ ಆಚೀಚೆ ಎರಡು ಡಿಗ್ರಿಯ ದಿನ, ಮೈನಸ್ 20ರ ದಿನಕ್ಕಿಂತಲೂ ಅದು ಕಷ್ಟ. ಒದ್ದೆ ಡಾಂಬರಿನಂತೆ ಕಾಣುವುದು ಬ್ಲ್ಯಾಕ್ ಐಸ್, ಅಂದರೆ ಕಣ್ಣಿಗೆ ಕಾಣದಷ್ಟು ತೆಳುವಾದ ಮಂಜುಗಡ್ಡೆ, ಆಗಿರಬಹುದು. ಸೇತುವೆಗಳಿಗೆ ಕೆಳಗಿನಿಂದಲೂ ಗಾಳಿ ತಾಗುವುದರಿಂದ ಅವು ಮೊದಲು ಹೆಪ್ಪುಗಟ್ಟುತ್ತವೆ. ಜಾರಿದರೆ ಆಕ್ಸಿಲರೇಟರ್ ಬಿಡಿ, ಹೋಗಬೇಕಾದ ಕಡೆ ನೋಡುತ್ತಾ ಅತ್ತಲೇ ಸ್ಟೀರಿಂಗ್ ತಿರುಗಿಸಿ. ನೀಲಿ ದೀಪ ಮಿನುಗಿಸುತ್ತಾ ಓರೆಸಾಲಿನಲ್ಲಿ ಹೋಗುವ ಪ್ಲೌಗಳ ನಡುವೆ ನುಗ್ಗಬೇಡಿ. ದೂರ ಹೊರಡುವ ಮೊದಲು ರಸ್ತೆ ಸ್ಥಿತಿಗೆ 511 ನೋಡಿ.

ರಾತ್ರಿ ಭಜನೆ, ಊಟ ಎಂದು ನೆಂಟರು ಬಂದಾಗ ಕಾರನ್ನು ಬೀದಿಯಲ್ಲಿ ಬಿಡುವ ರೂಢಿಯಿದೆ. ಬ್ರ್ಯಾಂಪ್ಟನ್, ಮಿಸ್ಸಿಸಾಗಗಳಲ್ಲಿ ರಾತ್ರಿ 2ರಿಂದ ಬೆಳಗ್ಗೆ 6ರವರೆಗೆ ಬೀದಿ ಪಾರ್ಕಿಂಗ್ ನಿಷಿದ್ಧ. ಟೊರೊಂಟೊದಲ್ಲಿ ಭಾರೀ ಹಿಮಬಿರುಗಾಳಿ ಘೋಷಣೆಯಾದರೆ ಸ್ನೋ ರೂಟ್ ಎಂದು ಬೋರ್ಡಿರುವ ರಸ್ತೆಗಳಲ್ಲಿ 72 ಗಂಟೆ ನಿಲ್ಲಿಸುವಂತಿಲ್ಲ.

ಮನೆ, ಮೈ, ಮಕ್ಕಳು

ಹಿಮ ಬಿದ್ದಾಗ ಮನೆಯ ಪಕ್ಕದ ಗೋಡೆಯಿಂದ ಹೊರಬಂದಿರುವ ಬಿಳಿ ಪ್ಲಾಸ್ಟಿಕ್ ಪೈಪುಗಳನ್ನು ನೋಡಿಬನ್ನಿ. ಅವು ಮನೆ ಬೆಚ್ಚಗಿಡುವ ಫರ್ನೇಸಿನ ಉಸಿರಾಟದ ದಾರಿ. ಮುಚ್ಚಿಕೊಂಡರೆ ಫರ್ನೇಸ್ ನಡುರಾತ್ರಿ ನಿಂತುಹೋಗುತ್ತದೆ. ಡಿಸೆಂಬರ್ ರಜೆಗೆ ಊರಿಗೆ ಹೋಗುವವರು ಥರ್ಮೋಸ್ಟ್ಯಾಟನ್ನು 15ಕ್ಕಿಂತ ಕೆಳಗಿಳಿಸಬೇಡಿ. ಹಿತ್ತಲ ನಲ್ಲಿಯ ಒಳಗಿನ ವಾಲ್ವ್ ಮುಚ್ಚಿ, ಹೊರಗಿನದನ್ನು ತೆರೆದು ನೀರು ಬಸಿದುಬಿಡಿ. ಪೈಪಿನೊಳಗೆ ನೀರು ನಿಂತು ಹೆಪ್ಪುಗಟ್ಟಿದರೆ ಒಡೆಯುತ್ತದೆ.

ಹವಾಮಾನ ನೋಡುವಾಗ ತಾಪಮಾನದ ಜೊತೆ ವಿಂಡ್ ಚಿಲ್, ಅಂದರೆ ಗಾಳಿ ಸೇರಿ ಮೈಗೆ ತಾಗುವ ಚಳಿಯ, ಅಂಕಿಯನ್ನೂ ಓದಿ. ಅದು ಮೈನಸ್ 28 ದಾಟಿದರೆ ಮುಚ್ಚದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಒಳಗೆ ಹತ್ತಿ ಬನಿಯನ್ ಬೇಡ, ಬೆವರು ಹಿಡಿದಿಟ್ಟು ಚಳಿ ಹೆಚ್ಚಿಸುತ್ತದೆ. ಉಣ್ಣೆಯೋ ಪಾಲಿಯೆಸ್ಟರ್ ಥರ್ಮಲ್ಲೋ ಇರಲಿ. ಮಕ್ಕಳಿಗೆ ಬೆರಳೆಲ್ಲ ಒಂದೇ ಚೀಲದಲ್ಲಿರುವ ಮಿಟನ್ ಎರಡು ಜೊತೆ, ಸ್ನೋ ಪ್ಯಾಂಟ್ ಒಂದು ಬೇಕೇ ಬೇಕು. ಶಾಲೆಯಲ್ಲಿ ಮೈನಸ್ 10ರಲ್ಲೂ ಆಟಕ್ಕೆ ಹೊರಗೆ ಬಿಡುತ್ತಾರೆ. ಸ್ಕೂಲ್ ಬಸ್ ರದ್ದಾಯಿತೆಂದರೆ ಶಾಲೆಗೆ ರಜೆ ಎಂದುಕೊಳ್ಳಬೇಡಿ, ಎರಡೂ ಬೇರೆ ಬೇರೆ ತೀರ್ಮಾನ. ಕಾರ್ ಸೀಟಿನಲ್ಲಿ ದಪ್ಪ ಜಾಕೆಟ್ ಮೇಲೆ ಪಟ್ಟಿ ಬಿಗಿಯಬೇಡಿ. ಢಿಕ್ಕಿಯಾದಾಗ ಜಾಕೆಟ್ ಒತ್ತಿಕೊಂಡು ಪಟ್ಟಿ ಸಡಿಲವಾಗುತ್ತದೆ. ಮೊದಲು ಪಟ್ಟಿ ಕಟ್ಟಿ, ಆಮೇಲೆ ಜಾಕೆಟ್ ಹೊದಿಸಿ.

ಇಷ್ಟು ತಯಾರಿ ಇದ್ದರೆ ಹಿಮ ನಿಜಕ್ಕೂ ಸಂತೋಷವೇ. ನವೆಂಬರಿನ ಬೂದು ಸಂಜೆಗಳಿಗಿಂತ ಹಿಮ ಹೊದ್ದ ಬೀದಿ ಎಷ್ಟೋ ಬೆಳಕು. ಟೊರೊಂಟೊದ ನೇತನ್ ಫಿಲಿಪ್ಸ್ ಚೌಕದ ರಿಂಕಿಗೆ ಪ್ರವೇಶ ಉಚಿತ, ಸ್ಕೇಟ್ ಬಾಡಿಗೆಗೂ ಸಿಗುತ್ತದೆ. ಹೊಸಬರೆಲ್ಲ ಹೆಲ್ಮೆಟ್ ಹಾಕಿಕೊಳ್ಳಿ, ದೊಡ್ಡವರೂ ಕೂಡ. ಕೆರೆ, ಹೊಳೆಗಳ ಮೇಲೆ ಕಾಲಿಡುವ ಮುನ್ನ ಮಂಜುಗಡ್ಡೆ ತಿಳಿಯಾಗಿ ಗಟ್ಟಿಯಾಗಿ ಕನಿಷ್ಠ 15 ಸೆಂ.ಮೀ. ದಪ್ಪವಿದೆಯೇ ಎಂದು ಸ್ಥಳೀಯ ಆಡಳಿತ ಹೇಳಿರಬೇಕು. ಕಣ್ಣಳತೆ ಸಾಲದು. ಒಟ್ಟಾವಾದ ರಿಡೋ ಕಾಲುವೆಯ ಸ್ಕೇಟಿಂಗ್ ದಾರಿ 7.8 ಕಿ.ಮೀ. ಉದ್ದ. ಅಲ್ಲಿ ಸುಮಾರು 30 ಸೆಂ.ಮೀ. ಗಟ್ಟಿಯಾಗುವವರೆಗೆ ಜನರನ್ನು ಬಿಡುವುದಿಲ್ಲ, 2023ರ ಚಳಿಗಾಲದಲ್ಲಂತೂ ಒಂದು ದಿನವೂ ತೆರೆಯಲಿಲ್ಲ. ಐದು ಗಂಟೆ ಕಾರು ಓಡಿಸಿಕೊಂಡು ಹೋಗುವ ಮೊದಲು ಅವತ್ತು ಹಸಿರು ಬಾವುಟ ಇದೆಯೋ ಕೆಂಪೋ ಎಂದು ನೋಡಿಕೊಂಡೇ ಹೊರಡಿ.